ಮೂವತ್ತನಾಲ್ಕರ ಫಕೀರವ್ವ

ಗಂಡ ಸತ್ತಾಗ ಮೈದುನ ಫಕೀರವ್ವನನ್ನು ಮನೆಯಿಂದ ಹೊರಹಾಕಿದ. ಆಕೆ ಪಾಲು ಕೇಳಿ ದಾವೆ ಹೂಡಿದಳು. ಇಪ್ಪತ್ತೇಳು ವರ್ಷ ಕಳೆಯಿತು. ಹತ್ತು ಮಂದಿ ನ್ಯಾಯಾಧೀಶರು ಬಂದು ವರ್ಗವಾಗಿ ಹೋದರು. ಹನ್ನೊಂದನೆಯವರ ಮುಂದೆ ಆಕೆಯ ಸಾಕ್ಷಿ ಬಂತು.

ಮೈದುನನ ವಕೀಲರು ಕಡತ ಎತ್ತಿ ಹಿಡಿದರು.

“ಮಹಾಸ್ವಾಮಿ, ದಾವೆಯಲ್ಲಿ ವಾದಿಯ ವಯಸ್ಸು ಮೂವತ್ತನಾಲ್ಕು. ಕಟಕಟೆಯಲ್ಲಿ ಮುದುಕಿ ನಿಂತಿದ್ದಾಳೆ. ಇವಳೇ ಅವಳೆಂದು ರುಜುವಾತಾಗಲಿ. ಅಲ್ಲಿಯವರೆಗೆ ವಿಚಾರಣೆ ಮುಂದೂಡಿ ವಾಯಿದೆ ಕೊಡಬೇಕು.”

ಕೋರ್ಟಿನಲ್ಲಿ ಎಲ್ಲರೂ ನಕ್ಕರು.

“ಏನಮ್ಮಾ, ಆ ಫಕೀರವ್ವ ಎಲ್ಲಿ?” ವಕೀಲರು ಕೇಳಿದರು.

“ಆಕೀನ್ನ ಈ ಕೋರ್ಟಿಗೇ ಒಪ್ಪಿಸೇನ್ರಿ. ಕೂದಲಾ ಕರ್ರಗಿತ್ತು, ಹಲ್ಲು ಗಟ್ಟಿ ಇದ್ವು. ಇಪ್ಪತ್ತೇಳು ವರ್ಷ ನೀವ ಇಟ್ಕೊಂಡೀರಿ. ಸಾಹೇಬ್ರ, ಒಮ್ಮಿ ಹೊರಗ ಕಳಸ್ರಿ. ನಾನೂ ನೋಡ್ತೇನಿ.”

ನಗು ನಿಂತಿತು. ನ್ಯಾಯಾಧೀಶರು ಕಡತದ ಮೊದಲ ಪುಟ ತೆರೆದು ದಾವೆಯ ತಾರೀಖು ನೋಡಿದರು.

“ಸಣ್ಣದೊಂದು ವಾಯಿದೆ ಸಾಕು, ಮಹಾಸ್ವಾಮಿ,” ಎಂದರು ವಕೀಲರು, ಮೆಲ್ಲಗೆ.

“ಕೊಡಬಹುದು. ಯಾರ ಆಯುಸ್ಸಿನಿಂದ ಕೊಡಲಿ, ವಕೀಲರೇ?”

ವಕೀಲರು ಕಡತ ಕೆಳಗಿಟ್ಟರು. ಅಂದೇ ಸಾಕ್ಷಿ ಮುಗಿಯಿತು. ಮರುವಾರ ಅರ್ಧ ಮನೆ ಫಕೀರವ್ವನದಾಯಿತು.

ಆ ಮನೆಯಲ್ಲಿ ಆಕೆ ಒಂದೇ ಮಳೆಗಾಲ ಬದುಕಿದಳು.