ಗೋಪುರದ ಹಿಂದಿನ ಗಲ್ಲಿ

ಹೊಳೆಯ ದಂಡೆಯ ಆಶ್ರಮದಲ್ಲಿ ಮೌನೇಶಾಚಾರ್ಯರು ಕಟ್ಟಡ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಒಂದು ಬೇಸಿಗೆಯ ಮಧ್ಯಾಹ್ನ ಶಿಷ್ಯ ಕೇದಾರ ತನ್ನ ಮೊದಲ ನಕ್ಷೆಯನ್ನು ತಂದು ಹೊಂಗೆಮರದ ನೆರಳಿನಲ್ಲಿ ಹಾಸಿದ.

ಮರಳುಗಾಡಿನ ಊರೊಂದಕ್ಕೆ ಆಫೀಸುಗಳ ಗೋಪುರ. ಗುರುಗಳು ಹೂಂ ಅಂದರೆ ನಾಳೆಯೇ ಪಾಯ ತೋಡಲು ಹೇಳಿಕಳಿಸಬಹುದು. ಹೊಗಳಿಕೆ ಕೇಳಲು ಅವನ ಕಿವಿ ಆಗಲೇ ನೆಟ್ಟಗಾಗಿತ್ತು.

“ಪಶ್ಚಿಮಕ್ಕೆ ದಪ್ಪ ಗೋಡೆ, ಉತ್ತರಕ್ಕೆ ಕಿಟಕಿ. ಬಿಸಿಲು ಎಷ್ಟೇ ಇರಲಿ, ಒಳಗೆ ಕೂತವರಿಗೆ ತಂಪು, ಗುರುಗಳೇ.”

“ಒಳಗಿನ ಬಿಸಿಗಾಳಿ ಎಲ್ಲಿಗೆ ಹೋಗುತ್ತೆ?”

“ಫ್ಯಾನುಗಳು ಹಿಂದಿನ ಗಲ್ಲಿಗೆ ತಳ್ಳುತ್ತವೆ.”

“ಮೇಲಕ್ಕೆ ಯಾಕೆ ಬಿಡಲಿಲ್ಲ?”

“ನೆತ್ತಿಯ ಮೇಲೆ ಕೊಳವೆ ಎದ್ದರೆ ಗೋಪುರದ ಚಂದ ಕೆಡುತ್ತೆ.”

“ಗಲ್ಲಿಯಲ್ಲಿ ಯಾರಿದ್ದಾರೆ?”

ಕೇದಾರ ಕೆಳಗೆ ನೋಡಿದ. ನಕ್ಷೆಯಲ್ಲಿ ಆ ಜಾಗ ಬೆಳ್ಳಗೆ ಖಾಲಿಯಿತ್ತು.

“ಯಾರೂ ಇಲ್ಲ.”

ಆಚಾರ್ಯರು ನೆರಳಿನಿಂದ ಹೊರಬಂದರು. ನಕ್ಷೆಯಲ್ಲಿ ಗಲ್ಲಿ ಇದ್ದ ದಿಕ್ಕಿಗೇ ನಡೆದು, ಹೊಳೆಯ ಕಾದ ಮರಳಿನ ಮೇಲೆ ಹೋಗಿ ಕೂತರು. ಎಪ್ಪತ್ತು ದಾಟಿದ ಜೀವ. ಬೋಳುತಲೆಯ ಮೇಲೆ ಒಂದು ಬಟ್ಟೆಯೂ ಇಲ್ಲ.

ಶಿಷ್ಯ ಮೊದಲು ನಕ್ಕ. ಗುರುಗಳ ಇಂಥ ಚೇಷ್ಟೆ ಅವನಿಗೇನೂ ಹೊಸದಲ್ಲ. ಆದರೆ ಅವರು ಏಳಲೇ ಇಲ್ಲ. ಕುತ್ತಿಗೆ ಕೆಂಪಾಗತೊಡಗಿತು.

“ಗುರುಗಳೇ, ನೆರಳಿಗೆ ಬನ್ನಿ!”

“ಯಾರನ್ನಪ್ಪ ಕರೀತಿದ್ದೀ? ಇಲ್ಲಿ ಯಾರೂ ಇಲ್ಲವಲ್ಲ.”

ಕೇದಾರನ ಮುಖಕ್ಕೆ ಹೊಡೆದಂತಾಯಿತು. ನೆರಳಲ್ಲಿ ನಿಂತಿರುವುದಕ್ಕೇ ನಾಚಿಕೆಯಾಯಿತು. ಬರಿಗಾಲಲ್ಲಿ ಓಡಿಬಂದು ಅವರೆದುರು ಕುಸಿದು ಕೂತ.

“ಸುಳ್ಳು ಹೇಳಿದೆ. ಅಲ್ಲಿ ಬಸ್ಸಿಗೆ ಕಾಯುವವರು ನಿಲ್ಲುತ್ತಾರೆ. ಜಾಗ ನೋಡಲು ಹೋದಾಗ ನಾನೂ ಅಲ್ಲೇ ಕಾದಿದ್ದೆ. ಹಳೇ ಗೋಡೆಯ ಪಕ್ಕ ಚೂರೇ ಚೂರು ನೆರಳಿತ್ತು. ಒಬ್ಬ ಅಜ್ಜಿ ಕೈಸನ್ನೆ ಮಾಡಿ ಕರೆದು, ತಾನು ಬಿಸಿಲಿಗೆ ಸರಿದು, ನನಗೆ ಜಾಗ ಬಿಟ್ಟಳು.”

“ಅವಳು ನಕ್ಷೆಯಲ್ಲಿ ಕಾಣಲಿಲ್ಲ.”

“ಬರೆದಿದ್ದೆ. ಅಲ್ಲಿ ನಿಂತವರನ್ನೆಲ್ಲ ಬರೆದಿದ್ದೆ. ಆಮೇಲೆ ಅಳಿಸಿಬಿಟ್ಟೆ.” ಅವನಿಗೆ ತಲೆ ಎತ್ತಲಾಗಲಿಲ್ಲ. “ಅವರನ್ನು ಉಳಿಸಿಕೊಂಡರೆ ಕೊಳವೆ ಮೇಲಕ್ಕೆ ಎತ್ತಬೇಕಾಗುತ್ತಿತ್ತು.”

ಆಚಾರ್ಯರು ಅವನನ್ನೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಹಣೆಯ ಬೆವರು ಹುಬ್ಬಿನಿಂದ ಕಣ್ಣಿಗಿಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

“ನಿಮ್ಮ ಕಾಲಿಗೆ ಬೀಳ್ತೇನೆ ಗುರುಗಳೇ, ಏಳಿ. ನನ್ನಿಂದ ನೋಡಲಾಗ್ತಿಲ್ಲ. ನೆರಳಿಗೆ ಬನ್ನಿ.”

ಆಚಾರ್ಯರು ಅವನ ತೋಳು ಹಿಡಿದು ಮೆಲ್ಲಗೆ ಎದ್ದರು.

“ನಾನೇನೋ ಬರ್ತೇನೆ. ಆ ಅಜ್ಜಿಯನ್ನು ಎಲ್ಲಿಗೆ ಕರೀತೀ?”