ನಲವತ್ತು ದೇಶದ ಪೆಟ್ಟಿಗೆ

ವಿದೇಶಿ ಕ್ರೀಮಿನ ರಟ್ಟಿನ ಪೆಟ್ಟಿಗೆ ಪಕ್ಕದಲ್ಲಿದ್ದ ಗಂಧದ ಸೋಪಿನ ಕಾಗದವನ್ನು ಕೇಳಿತು: "ನಲವತ್ತು ದೇಶಗಳ ಜಾಹೀರಾತಿನಲ್ಲಿ ನನ್ನ ಚಿತ್ರವಿದೆ. ನಿನ್ನನ್ನು ಯಾರು ಬಲ್ಲರು?"

"ನಾನು ಇಷ್ಟು ದಿನ ಸೋಪನ್ನು ತಬ್ಬಿಕೊಂಡೇ ಇದ್ದೆ. ಬೇರೇನೂ ತಿಳಿಯದು" ಎಂದಿತು ಕಾಗದ.

ಅಷ್ಟರಲ್ಲಿ ಮನೆಯೊಡತಿ ಸರ್ವಮಂಗಳಮ್ಮ ಬಂದು ಎರಡನ್ನೂ ಬಿಚ್ಚಿದರು. ಪೆಟ್ಟಿಗೆ ಸೀದಾ ಕಸದ ಬುಟ್ಟಿಗೆ ಬಿತ್ತು. ಕಾಗದವನ್ನು ಮಾತ್ರ ಅವರು ಮೂಸಿ, ನಕ್ಕು, ಸೀರೆಗಳ ನಡುವೆ ಇಡಲು ಹೊರಟರು. ಅಲ್ಲಿ ಹಳೆಯ ಸೋಪಿನ ಕಾಗದಗಳು ಚೆಲ್ಲಾಡುತ್ತಿದ್ದವು. "ಆ ಪೆಟ್ಟಿಗೆ ಗಟ್ಟಿಯಾಗಿದೆಯಲ್ಲ!" ಎಂದು ಅದನ್ನು ಬುಟ್ಟಿಯಿಂದ ಎತ್ತಿ, ಕಾಗದಗಳನ್ನೆಲ್ಲ ಅದರೊಳಗೆ ತುಂಬಿ ಬೀರುವಿನಲ್ಲಿಟ್ಟರು.

ಹಬ್ಬದ ದಿನ ಬೀರು ತೆರೆದಾಗ ಕೋಣೆಯೆಲ್ಲ ಘಮಘಮ.

"ನೋಡಿದಿರಾ ನನ್ನ ಪರಿಮಳ!" ಎಂದು ಪೆಟ್ಟಿಗೆ ಸೀರೆಗಳಿಗೆ ಸಾರಿತು.

ಅದರ ಹೊಟ್ಟೆಯೊಳಗೆ ಕಾಗದಗಳು ಬಿದ್ದು ಬಿದ್ದು ನಕ್ಕವು. ನಕ್ಕಷ್ಟೂ ಪರಿಮಳ ಹೆಚ್ಚಿತು.