ತೊಗಲು ಸುತ್ತಿದ ಅಚ್ಚು

"ಮಾಸ್ತರೇ, ಎಲ್ಲರಿಗೂ ಒಂದೇ ಕಾರು, ಒಂದೇ ಎಂಜಿನ್ನು, ಒಂದೇ ಟೈರು. ಅದು ಸರಿ. ನನ್ನ ತಲೆಯೂ ಎಲ್ಲರದ್ದೇ?"

ದೇಚಮ್ಮ ಹೀಗೆ ಕೇಳಿದ್ದು ರೇಸಿನ ಹಿಂದಿನ ದಿನ, ಮಧ್ಯಾಹ್ನದ ಅಭ್ಯಾಸ ಮುಗಿದ ಮೇಲೆ. ಹೆಲ್ಮೆಟನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತಿದ್ದಳು. ಕೂತುಕೋ ಎಂದರೂ ಕೂರಲಿಲ್ಲ. ಅವಳಿಗೆ ರೇಸ್ ಕಾರು ಓಡಿಸುವುದನ್ನು ಕಲಿಸಿದ ಭುಜಬಲಿ ಮಾಸ್ತರು ಶೆಡ್ಡಿನ ನೆರಳಲ್ಲಿ ಹಳೆಯ ಟೈರಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು.

ಆ ಪಂದ್ಯದ ಕಟ್ಟಳೆಯೇ ಹಾಗಿತ್ತು. ಕಾರುಗಳೆಲ್ಲ ಒಂದೇ ಕಾರ್ಖಾನೆಯವು. ಉಳ್ಳವರು ದುಡ್ಡು ಸುರಿದು ಗೆಲ್ಲಬಾರದು ಎಂದು ಮಾಡಿದ ಏರ್ಪಾಡು. ಸಾಲದ್ದಕ್ಕೆ, ಅಭ್ಯಾಸ ಮುಗಿದ ಸಂಜೆ ಪ್ರತಿ ಕಾರಿನ ಮಾಹಿತಿಯನ್ನೂ ದೊಡ್ಡ ಪರದೆಯ ಮೇಲೆ ಹಾಕುತ್ತಿದ್ದರು. ಎಲ್ಲಿ ಬ್ರೇಕ್ ಒತ್ತಿದರು, ಎಲ್ಲಿ ವೇಗ ಹೆಚ್ಚಿಸಿದರು, ಟೈರಿನಲ್ಲಿ ಗಾಳಿ ಎಷ್ಟಿತ್ತು, ಎಲ್ಲವನ್ನೂ ಎಲ್ಲರೂ ನೋಡಬಹುದು. ಈ ಕಟ್ಟಳೆ ಇಲ್ಲದಿದ್ದರೆ ದೇಚಮ್ಮನಂಥವಳಿಗೆ ಸೀಟೇ ಸಿಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆದರೆ ಆ ದಿನ ಬೆಳಿಗ್ಗೆ, ಕಾರಿಗೆ ಮಾಹಿತಿ ಯಂತ್ರ ಜೋಡಿಸುವ ಮೊದಲೇ, ಅವಳು ಹಿಂದಿನ ಟೈರುಗಳ ಗಾಳಿಯನ್ನು ಸ್ವಲ್ಪ ಇಳಿಸಿ ಒಂದು ಸುತ್ತು ಹೋಗಿಬಂದಿದ್ದಳು. ಮೂರನೇ ತಿರುವಿನಲ್ಲಿ ಕಾರು ರಸ್ತೆಗೆ ಅಂಟಿಕೊಂಡೇ ತಿರುಗಿತ್ತು. ಇಳಿದು ಮುಟ್ಟಿ ನೋಡಿದಾಗ ಟೈರಿನ ಅಂಚು ತುಸು ಹೆಚ್ಚೇ ಬಿಸಿಯಾಗಿತ್ತು. ಬಿಸಿಲಿಗಿರಬೇಕು ಎಂದುಕೊಂಡಳು. ಮಧ್ಯಾಹ್ನ ಗಾಳಿಯನ್ನು ಮೊದಲಿನಷ್ಟೇ ತುಂಬಿಸಿ, ಆ ತಿರುವಿನಲ್ಲಿ ಬೇಕೆಂದೇ ನಿಧಾನ ಮಾಡಿದಳು. ಪರದೆ ನೋಡಿದವರಿಗೆ ಏನೂ ತಿಳಿಯಬಾರದು. ನಾಳೆ ಓಟಕ್ಕೆ ಇಳಿಯುವ ಮುಂಚೆ ಮತ್ತೆ ಗಾಳಿ ಇಳಿಸಿದರಾಯಿತು. ಗೆದ್ದರೆ ಮೇಲಿನ ದರ್ಜೆಯ ತಂಡದಲ್ಲಿ ಜಾಗ, ಸೋತರೆ ಮನೆ. ಮಧ್ಯೆ ಇನ್ನೊಂದು ದಾರಿ ಇರಲಿಲ್ಲ.

"ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಕಷ್ಟಪಟ್ಟವಳು ನಾನು. ಅದನ್ನು ಪರದೆಯಲ್ಲಿ ನೋಡಿ ಕಲಿತವರು ನಾಳೆ ನನ್ನನ್ನೇ ಹಿಂದೆ ಹಾಕುತ್ತಾರಲ್ಲ, ಅದ್ಯಾವ ನ್ಯಾಯ ಮಾಸ್ತರೇ?"

ಮಾಸ್ತರು ಕೈ ಕೊಡವಿಕೊಂಡರು. "ನಿನ್ನ ಅವಸರವನ್ನು ಸ್ವಲ್ಪ ಹೊತ್ತು ಆ ಹೆಲ್ಮೆಟಿನೊಳಗೆ ಹಾಕಿಡು. ಒಂದು ಕತೆ ಹೇಳುತ್ತೇನೆ."

ಒಂದು ಸೀಮೆಯಲ್ಲಿ ವರ್ಷಕ್ಕೊಮ್ಮೆ ಎತ್ತಿನ ಗಾಡಿಯ ಓಟ ನಡೆಯುತ್ತಿತ್ತು. ಉಳ್ಳವರು ದೂರದೂರಿಂದ ಗಾಲಿ ತರಿಸತೊಡಗಿದರು. ಇಲ್ಲದವರು ಗಾಡಿ ಕಟ್ಟುವುದನ್ನೇ ಬಿಟ್ಟರು. ಕೊನೆಗೆ ಓಡಲು ಎರಡು ಗಾಡಿ, ನೋಡಲು ನಾಲ್ಕು ನಾಯಿ ಉಳಿದವು. ಹಿರಿಯರಿಗೆ ರೇಗಿತು. ಇನ್ನು ಎಲ್ಲರ ಗಾಡಿಯನ್ನೂ ಒಬ್ಬನೇ ಬಡಗಿ ಮಾಡಬೇಕು, ಮರವೂ ಒಂದೇ, ಅಳತೆಯೂ ಒಂದೇ ಎಂದರು. ಓಟ ಮುಗಿದ ಸಂಜೆ ಪ್ರತಿಯೊಬ್ಬನೂ ಬಯಲಿನಲ್ಲಿ ಗಾಲಿ ಕಳಚಿ, ಅಚ್ಚು ತೋರಿಸಿ, ತಾನೇನು ಮಾಡಿದೆ ಎಂದು ಹೇಳಬೇಕು. ಯಾರು ಬೇಕಾದರೂ ಮುಟ್ಟಿ ನೋಡಬಹುದು. ಅದನ್ನು ಗಾಡಿ ಬಿಚ್ಚುವ ಸಂಜೆ ಎಂದು ಕರೆದರು.

ಅಲ್ಲಿ ಒಬ್ಬ ಗಾಡಿಕಾರನಿದ್ದ. ಅವನ ಎಡಗಡೆಯ ಎತ್ತಿನ ಹೆಸರು ಕೆಂದ. ಕರುವಾಗಿದ್ದಾಗಿನಿಂದ ಮಗನ ಹಾಗೆ ಸಾಕಿದ್ದ. ತಿರುವಿನಲ್ಲಿ ಗಾಲಿ ಅಲ್ಲಾಡುವುದರಿಂದಲೇ ಗಾಡಿ ಹಿಂದೆ ಬೀಳುತ್ತದೆ ಎಂದು ಅವನಿಗೆ ಹೊಳೆಯಿತು. ನೆನೆಸಿದ ತೊಗಲಿನ ಪಟ್ಟಿಯನ್ನು ಅಚ್ಚಿನ ತುದಿಗೆ ಸುತ್ತಿ ಗಾಲಿ ಕೂರಿಸಿದ. ಗಾಲಿ ಬಿಗಿಯಾಗಿ ನಿಂತಿತು. ಆ ವರ್ಷ ಗೆದ್ದ.

ಊರವರು ಅವನನ್ನು ಹೊತ್ತು ಕುಣಿದರು. ಅವನಿಗೆ ಮಾತ್ರ ಸಂಜೆಯದೇ ಚಿಂತೆ. ಯಾರೂ ನೋಡದಾಗ ತೊಗಲು ಕಿತ್ತು ಹುಲ್ಲಿನೊಳಗೆ ತುರುಕಿದ. ಬಯಲಿನಲ್ಲಿ ಬರಿಯ ಅಚ್ಚು ತೋರಿಸಿ, ಎಲ್ಲವೂ ಎತ್ತುಗಳ ಪುಣ್ಯ ಎಂದುಬಿಟ್ಟ. ಮನೆಗೆ ಬಂದು ಮತ್ತೆ ಸುತ್ತಿದ. ಅಂದಿನಿಂದ ಅವನಿಗೆ ನೆಮ್ಮದಿ ಎಂಬುದಿಲ್ಲ. ಗಾಡಿಯ ಹತ್ತಿರ ನೆಂಟರು ಹೋದರೂ ಎದ್ದು ಓಡಿಬರುತ್ತಿದ್ದ. ಗಾಲಿ ಕಳಚಿದರೆ ಯಾರಾದರೂ ಕಂಡಾರು ಎಂದು ವರ್ಷವಿಡೀ ಕಳಚಲೇ ಇಲ್ಲ. ಮಳೆಗಾಲ ಬಂತು, ಹೋಯಿತು. ತೊಗಲು ಕುಡಿದ ನೀರನ್ನು ಮರವೂ ಕುಡಿಯಿತು. ಒಮ್ಮೆ ಅಚ್ಚು ಕಿರುಗುಟ್ಟಿತು. ಹೊಸ ತೊಗಲಿನ ಸದ್ದಿರಬೇಕು ಎಂದುಕೊಂಡ.

ದೇಚಮ್ಮ ಒಮ್ಮೆ ತನ್ನ ಕಾರಿನ ಕಡೆ ನೋಡಿದಳು. ಮಾಸ್ತರು ನೋಡಲಿಲ್ಲ.

ಮರುವರ್ಷದ ಓಟದಲ್ಲಿ ಅವನೇ ಮುಂದಿದ್ದ. ಕೆರೆಯ ತಿರುವಿನಲ್ಲಿ ಅಚ್ಚು ಮುರಿಯಿತು. ಗಾಡಿ ಮಗುಚಿ ಕೆಂದನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದ ಎದುರಾಳಿ ತನ್ನ ಗಾಡಿ ನಿಲ್ಲಿಸಿ ಓಡಿಬಂದ. ಭಾರ ಎತ್ತಲು ಹೆಗಲು ಕೊಟ್ಟವನ ಕಣ್ಣಿಗೆ ಮುರಿದ ಅಚ್ಚು ಬಿತ್ತು.

"ಅಯ್ಯೋ ಮಾರಾಯ, ತೊಗಲು ಸುತ್ತಿದ್ದೀಯಾ! ಹಿಂದೊಂದು ಸಲ ನಾನೂ ಸುತ್ತಿದ್ದೆ. ಒಳಗೇ ಕೊಳೆತು ನಮ್ಮ ಅಂಗಳದಲ್ಲೇ ಮುರಿದು ಬಿತ್ತು."

ಗಾಡಿಕಾರ ಕೆಂದನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಗಿದ. "ಗೊತ್ತಿದ್ದೂ ಒಂದು ಮಾತು ಹೇಳಬಾರದಿತ್ತೇನೋ ಪಾಪಿ?"

"ನೀನು ಸುತ್ತಿದ್ದೀಯ ಅಂತ ನನಗೇನು ಕನಸು ಬಿದ್ದಿತ್ತಾ?"

ಕೆಂದ ಮತ್ತೆ ಏಳಲಿಲ್ಲ.

ಮಾಸ್ತರು ಮತ್ತೆ ಮಂಡಕ್ಕಿಗೆ ಕೈ ಹಾಕಿದರು. ದೇಚಮ್ಮನಿಗೆ ಆ ಎತ್ತಿನ ಮೇಲೆ ಕನಿಕರ ಉಕ್ಕಿತು, ಗಾಡಿಕಾರನ ಮೇಲೆ ಸಿಟ್ಟು ಬಂತು. "ಎಂಥ ಮಂಕ ಅವನು! ಎಲ್ಲರಿಗೂ ಹೇಳುವುದು ಬೇಡ, ತನ್ನವರೊಬ್ಬರಿಗಾದರೂ ತೋರಿಸಬಾರದಿತ್ತಾ?"

"ನೀನು ಕಂಡುಕೊಂಡದ್ದು ಏನು ಅಂತ ನನಗೂ ಹೇಳಲಿಲ್ಲವಲ್ಲ, ತಾಯಿ," ಎಂದರು ಮಾಸ್ತರು.

ಕೈಯಿಂದ ಕೈಗೆ ಹೋಗುತ್ತಿದ್ದ ಹೆಲ್ಮೆಟ್ ನಿಂತಿತು. ಬೆಳಿಗ್ಗೆ ಮುಟ್ಟಿದ ಟೈರಿನ ಬಿಸಿ ಅವಳಿಗೆ ನೆನಪಾಯಿತು.